ಆ ದಿನ ನಿನ್ನ ಟಿಸಿ ಎಲ್ಲಿತ್ತು

ರಕ್ಷಿತಾ, ನಿನ್ನ ಟಿಸಿ ಪ್ರಿನ್ಸಿಪಾಲರ ಕಪಾಟಿನಲ್ಲಿ ಇರಲಿಲ್ಲ. ನನ್ನ ಬ್ಯಾಗಿನಲ್ಲಿತ್ತು. ನೀನೂ ನಿನ್ನ ಅಪ್ಪನೂ ಕಾಪುವಿನಲ್ಲಿ ಬಸ್ಸಿಳಿಯುವ ಮೊದಲೇ ನಾನು ಅದನ್ನು ಆಫೀಸಿನ ಫೈಲಿನಿಂದ ತೆಗೆದು ಬ್ಯಾಗಿನ ಒಳಗಿನ ಜಿಪ್ಪಿನಲ್ಲಿ ಹಾಕಿಕೊಂಡಿದ್ದೆ. ಮರೆತು ಅಲ್ಲ, ಗಡಿಬಿಡಿಯಲ್ಲಿ ಅಲ್ಲ — ಬೇಕೆಂದೇ. ಎಂಟು ವರ್ಷಗಳಿಂದ ಇದನ್ನು ನಿನಗೆ ಹೇಳಬೇಕೆಂದು... ಇಲ್ಲ, ಅದೂ ಸುಳ್ಳು. ಎಂಟು ವರ್ಷಗಳಿಂದ ಹೇಳದೆ ಉಳಿಯುವ ದಾರಿಯನ್ನೇ ಹುಡುಕಿಕೊಂಡು ಬಂದಿದ್ದೇನೆ.

ಆ ವರ್ಷ ನಾನು ಕಾರ್ಕಳದ ನಿಮ್ಮ ಮನೆಗೆ ಬಂದದ್ದು ನಿನಗೆ ನೆನಪಿರಬಹುದು. ಪಿಯುಸಿ ಫಲಿತಾಂಶ ಬಂದ ಮೇಲೆ ಕಾಪುವಿನ ನಮ್ಮಂಥ ಸಣ್ಣ ಕಾಲೇಜಿನ ಉಪನ್ಯಾಸಕರು ಕರಪತ್ರ ಹಿಡಿದುಕೊಂಡು ಮನೆ ಮನೆ ಅಲೆಯುತ್ತೇವೆ, ಓಟು ಕೇಳುವವರ ಹಾಗೆ. ಬಿ.ಎ. ಇತಿಹಾಸಕ್ಕೆ ಹತ್ತು ಮಂದಿಯಾದರೂ ಸೇರದಿದ್ದರೆ ಆ ವಿಷಯವನ್ನೇ ಮುಚ್ಚುತ್ತೇವೆ ಎಂದು ಆಡಳಿತದವರು ಹೇಳಿಬಿಟ್ಟಿದ್ದರು. ಮುಚ್ಚಿದರೆ ನಾನೂ ಹೊರಗೆ. ಅತಿಥಿ ಉಪನ್ಯಾಸಕಿ ಹೆಸರಿಗೆ ತಕ್ಕ ಹಾಗೆ ಅತಿಥಿಯೇ — ಊಟ ಮುಗಿಯಿತು, ಏಳು ಎಂದರೆ ಏಳಬೇಕು. ನನ್ನ ಪಟ್ಟಿಯಲ್ಲಿ ಒಂಬತ್ತು ಹೆಸರುಗಳಿದ್ದವು.

ನಿನ್ನ ಅಪ್ಪ ಜಗಲಿಯಲ್ಲಿ ಹೊಲಿಗೆ ಮೆಷಿನ್ ನಿಲ್ಲಿಸಿ ಎದ್ದು ನಿಂತರು. ನೀನು ಒಳಗಿನಿಂದ ಒಂದು ಡ್ರಾಯಿಂಗ್ ಪುಸ್ತಕ ತಂದೆ. ಬಸದಿಯ ಹತ್ತಿರದ ಶಾಸನಕಲ್ಲಿನ ಅಕ್ಷರಗಳನ್ನು, ಒಂದೂ ಓದಲು ಬಾರದಿದ್ದರೂ, ನೋಡಿ ನೋಡಿ ಬರೆದುಕೊಂಡಿದ್ದೆ. ಇದನ್ನು ಓದಲು ಕಲಿಯಬೇಕು, ಅದಕ್ಕೇ ಹಿಸ್ಟರಿ ಎಂದೆ. ಆಮೇಲೆ ಕೇಳಿದೆ:

"ನೀವು ಹೇಳಿ ಮೇಡಂ, ಹಿಸ್ಟರಿಗೆ ಯಾವ ಕಾಲೇಜು ಒಳ್ಳೆಯದು?"

ಉತ್ತರ ನನಗೆ ಗೊತ್ತಿತ್ತು. ನೀನು ಅರ್ಜಿ ಹಾಕಿದ್ದ ಉಡುಪಿಯ ಕಾಲೇಜೇ ಒಳ್ಳೆಯದು. ಅಲ್ಲಿ ಶಾಸನ ಓದಿಸುವ ಅಧ್ಯಾಪಕರಿದ್ದರು. ಮಕ್ಕಳನ್ನು ಕಲ್ಲಿನ ಎದುರೇ ಕೂರಿಸಿ ಪಾಠ ಮಾಡುತ್ತಾರೆ ಎಂದು ನಾನೇ ಎಷ್ಟೋ ಜನರ ಹತ್ತಿರ ಹೊಗಳಿದ್ದೆ. ನಮ್ಮಲ್ಲಿ ಇದ್ದದ್ದು ನಾನೊಬ್ಬಳು. ನನಗೆ ಶಾಸನ ಓದಲು ಬರುವುದಿಲ್ಲ.

ಎರಡೂ ಒಳ್ಳೆಯದೇ ಎಂದೆ. ಅಲ್ಲಿಯ ಪಟ್ಟಿ ಬರುವಾಗ ತಡವಾಗುತ್ತದೆ, ಸದ್ಯಕ್ಕೆ ಟಿಸಿ ನಮ್ಮಲ್ಲಿ ಕೊಟ್ಟಿರು, ಅಲ್ಲಿ ಸೀಟು ಸಿಕ್ಕಿದರೆ ನಾನೇ ತೆಗೆದು ಕೊಡುತ್ತೇನೆ ಎಂದೆ. ಒರಿಜಿನಲ್ ಟಿಸಿ ಇರುವುದು ಒಂದೇ. ಅದು ಯಾರ ಫೈಲಿನಲ್ಲಿ ಇರುತ್ತದೋ ವಿದ್ಯಾರ್ಥಿ ಅವರ ಪಾಲು — ಇದು ನಮಗೆಲ್ಲ ತಿಳಿದಿದ್ದ ವ್ಯಾಪಾರ. ಆದರೂ ಆ ಹೊತ್ತಿಗೆ ನಾನು ಮೋಸ ಮಾಡಲಿಲ್ಲ, ಕೊಡಬೇಕೆಂದೇ ಇದ್ದೆ. ಇದ್ದೆನೆ? ಈಗ ನನಗೇ ಖಾತ್ರಿಯಿಲ್ಲ.

ಉಡುಪಿಯ ಎರಡನೆಯ ಪಟ್ಟಿಯಲ್ಲಿ ನಿನ್ನ ಹೆಸರು ಬಂತು. ನೀನು ಫೋನ್ ಮಾಡಿದಾಗ ನಾನು ಸಂತೆಕಟ್ಟೆಯಲ್ಲಿ ಇಳಿದು ಕೆಮ್ಮಣ್ಣಿನ ಬಸ್ಸಿಗೆ ಕಾಯುತ್ತಿದ್ದೆ. ನಾಳೆ ನಾಲ್ಕು ಗಂಟೆಯೊಳಗೆ ಒರಿಜಿನಲ್ ಕೊಡದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದಂತೆ, ಬೆಳಿಗ್ಗೆಯೇ ಬಂದು ಟಿಸಿ ತೆಗೆದುಕೊಳ್ಳುತ್ತೇವೆ ಎಂದು ನೀನು ಹೇಳಿದೆ. ಖುಷಿಯಲ್ಲಿ ಮಾತು ಒಂದರ ಮೇಲೊಂದು ಬೀಳುತ್ತಿತ್ತು. ನಾನೂ ಸಂತೋಷ ಎಂದೆ, ಬಾ ಎಂದೆ. ನಾಳೆ ಪ್ರಿನ್ಸಿಪಾಲರು ಕುಂದಾಪುರದ ಕಡೆ ಮದುವೆಗೆ ಹೋಗುತ್ತಾರೆ ಎಂಬುದು ನೆನಪಾದದ್ದು ಬಸ್ಸು ಹತ್ತಿದ ಮೇಲೆ. ಮನೆ ಮುಟ್ಟುವುದರೊಳಗೆ ಉಳಿದದ್ದನ್ನೂ ಯೋಚಿಸಿ ಮುಗಿಸಿದ್ದೆ.

ನೀವು ಹನ್ನೊಂದಕ್ಕೆ ಬಂದಿರಿ. ಗುಮಾಸ್ತರು ಫೈಲು ತೆರೆದು ನೋಡಿದರು, ಇಲ್ಲ ಎಂದರು. ಪ್ರಿನ್ಸಿಪಾಲರು ಕಪಾಟಿನಲ್ಲಿ ಇಟ್ಟಿರಬೇಕು, ಕೀಲಿಕೈ ಅವರ ಹತ್ತಿರವೇ ಇರುತ್ತದೆ, ನಾನು ಫೋನ್ ಮಾಡಿ ವಿಚಾರಿಸುತ್ತೇನೆ ಎಂದು ಹೇಳಿದವಳು ನಾನು. ನಿಮ್ಮ ಎದುರಿಗೇ ಫೋನನ್ನು ಕಿವಿಗೆ ಹಿಡಿದೆ. ಯಾರ ನಂಬರೂ ಒತ್ತಿರಲಿಲ್ಲ. ಮದುವೆಯ ಗದ್ದಲದಲ್ಲಿ ಕೇಳಿಸುವುದಿಲ್ಲವೇನೋ ಎಂದೆ. ನಿನ್ನ ಅಪ್ಪ ತಲೆ ಅಲ್ಲಾಡಿಸಿ, ಅಷ್ಟು ದೊಡ್ಡವರನ್ನು ಮದುವೆ ಮನೆಯಲ್ಲಿ ಪೀಡಿಸುವುದು ಸರಿಯಲ್ಲ ಎಂದು ನನಗೇ ಸಮಾಧಾನ ಹೇಳಿದರು.

ಆಫೀಸಿನ ಹೊರಗಿನ ಬೆಂಚಿನಲ್ಲಿ ಕುಳಿತಿರಿ. ಹನ್ನೆರಡಾಯಿತು, ಒಂದಾಯಿತು. ನಾನು ಮೇಲೆ ಕ್ಲಾಸಿಗೆ ಹೊರಟಾಗ ನೀನು ಎದ್ದು ಬಂದೆ. ನನ್ನ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಹಾಜರಿ ಪುಸ್ತಕ, ಹೆಗಲಿನಿಂದ ಬ್ಯಾಗು ಜಾರುತ್ತಿತ್ತು. "ಕೊಡಿ ಮೇಡಂ, ನಾನು ಹಿಡೀತೇನೆ" ಎಂದೆ. ಬೇಡ ಎನ್ನಬಹುದಿತ್ತು. ಕೊಟ್ಟೆ. ನೀನು ಅದನ್ನು ಎದೆಗೆ ಒತ್ತಿಕೊಂಡು ನನ್ನ ಜೊತೆ ಮೆಟ್ಟಿಲು ಹತ್ತಿದೆ. ನಿನ್ನ ಟಿಸಿ ನಿನ್ನ ಕೈಯಲ್ಲೇ ಇತ್ತು ರಕ್ಷಿತಾ, ಒಂದು ಜಿಪ್ಪಿನ ಆಚೆ — ಆಗಲಾದರೂ ನನ್ನ ಬಾಯಿ ತೆರೆಯಬೇಕಿತ್ತು. ಬಾಗಿಲಲ್ಲಿ ಬ್ಯಾಗು ವಾಪಸು ತೆಗೆದುಕೊಂಡು ಥ್ಯಾಂಕ್ಸ್ ಎಂದೆ.

ಎರಡೂವರೆಗೆ ನೀನು ಒಂದು ಉಪಾಯ ಹೇಳಿದೆ. "ಜೆರಾಕ್ಸ್ ಉಂಟಲ್ವಾ ಮೇಡಂ, ಅದನ್ನೇ ತೆಗೊಂಡು ಹೋಗಿ ಒಂದು ದಿನ ಟೈಮ್ ಕೇಳುವನಾ?" ಒಪ್ಪಲಿಕ್ಕಿಲ್ಲ, ಸುಮ್ಮನೆ ಹೋಗಿ ಅವಮಾನ ಮಾಡಿಕೊಳ್ಳುವುದು ಯಾಕೆ ಎಂದು ನಾನು ಹೇಳಿದೆ. ಅವರು ಒಪ್ಪುತ್ತಿದ್ದರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಟಿಸಿ ಬಚ್ಚಿಟ್ಟದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಚುಚ್ಚುತ್ತದೆ. ನೀನು ಬಾಗಿಲು ಹುಡುಕಿದ್ದೆ, ನಾನು ಅದನ್ನೂ ಮುಚ್ಚಿದೆ.

ಹೆದ್ದಾರಿಯಲ್ಲಿ ಉಡುಪಿಯ ಎಕ್ಸ್‌ಪ್ರೆಸ್ ಬಸ್ಸುಗಳ ಹಾರ್ನು ಸ್ಟಾಫ್ ರೂಮಿನವರೆಗೂ ಕೇಳುತ್ತಿತ್ತು. ಇದಕ್ಕೆ ಹತ್ತಿಸಿದರೂ ಮುಟ್ಟುತ್ತಾಳೆ ಎಂದು ಪ್ರತಿ ಹಾರ್ನಿಗೂ ಮನಸ್ಸು ಹೇಳುತ್ತಿತ್ತು. ಮೂರೂ ಇಪ್ಪತ್ತರದ್ದು ಹೋಯಿತು. ಮೂರೂವರೆಯದ್ದು ಹೋಯಿತು. ನಾನು ಕುರ್ಚಿಯಿಂದ ಏಳಲಿಲ್ಲ. ನಾಲ್ಕಾದಾಗ ಹೊರಗೆ ಬಂದು ನಿನ್ನ ಪಕ್ಕದಲ್ಲಿ ಕುಳಿತೆ. ನೀನು ಅಳಲಿಲ್ಲ. ನಿನ್ನ ಚಪ್ಪಲಿಯ ತುದಿ ನೋಡುತ್ತಿದ್ದೆ. ನಿನ್ನ ಅಪ್ಪನೇ ಮಾತಾಡಿದರು:

"ಹೋಗಲಿ ಮೇಡಂ, ಎಂತ ಮಾಡುವುದು. ನೀವು ಇದ್ದೀರಲ್ಲ ಇಲ್ಲಿ, ಅಷ್ಟು ಸಾಕು."

ನಾನು ಅವರ ಮುಖ ನೋಡಿ ತಲೆಯಾಡಿಸಿದೆ.

ಮರುದಿನ ಟಿಸಿ ಫೈಲಿಗೆ ಮರಳಿತು. ಗುಮಾಸ್ತರು ಅದನ್ನು ಕಂಡು ನನ್ನನ್ನೊಮ್ಮೆ ನೋಡಿ ಫೈಲು ಮುಚ್ಚಿದರು. ಪಟ್ಟಿಯಲ್ಲಿ ಹತ್ತು ಹೆಸರಾಯಿತು, ವಿಷಯ ಉಳಿಯಿತು, ನನ್ನ ಕುರ್ಚಿಯೂ ಉಳಿಯಿತು. ಆಗ ನನ್ನ ಮನೆಯಲ್ಲಿ ಏನೇನು ಕಷ್ಟವಿತ್ತು ಎಂದು ಬರೆಯಲು ಹೊರಟೆ, ಹೊಡೆದು ಹಾಕಿದೆ. ಕಷ್ಟ ಯಾರ ಮನೆಯಲ್ಲಿಲ್ಲ? ಹೊಲಿಗೆ ಬಿಟ್ಟು ದಿನವಿಡೀ ಬೆಂಚಿನಲ್ಲಿ ಕುಳಿತ ನಿನ್ನ ಅಪ್ಪನಿಗೆ ಇರಲಿಲ್ಲವೇ? ಬೇಲಿಯೇ ಎದ್ದು ಹೊಲ ಮೇಯ್ದದ್ದು, ಅಷ್ಟೇ.

ಮೂರು ವರ್ಷ ನೀನು ಮೊದಲ ಬೆಂಚಿನಲ್ಲಿ ಕುಳಿತೆ. ಒಮ್ಮೆ ಆ ಡ್ರಾಯಿಂಗ್ ಪುಸ್ತಕ ತಂದು, ಈ ಸಾಲಿನಲ್ಲಿ ಏನುಂಟು ಎಂದು ಕೇಳಿದೆ. ಅದು ನಮ್ಮ ಸಿಲೆಬಸ್ಸಿನಲ್ಲಿ ಇಲ್ಲ ಎಂದೆ, ಸ್ವಲ್ಪ ಗದರಿಯೇ. ಮತ್ತೆ ನೀನು ತರಲಿಲ್ಲ. ಎಂ.ಎ.ಗೆ ಸೇರಿ ಮೂರೇ ತಿಂಗಳಲ್ಲಿ ಬಿಟ್ಟು ಬಂದೆ. ಅಲ್ಲಿ ಎಲ್ಲರೂ ಶಾಸನ ಓದುತ್ತಾರೆ, ತನಗೆ ಅಕ್ಷರವೇ ಗೊತ್ತಿಲ್ಲ, ನಾಚಿಕೆಯಾಯಿತು ಎಂದು ನನ್ನ ಹತ್ತಿರವೇ ಬಂದು ಹೇಳಿಕೊಂಡೆ. ಈಗ ಮಣಿಪಾಲದ ಯಾವುದೋ ಆಫೀಸಿನ ರೆಕಾರ್ಡ್ ರೂಮಿನಲ್ಲಿ ಫೈಲು ಜೋಡಿಸುತ್ತೀ. ಹಳೇ ಕಾಗದದ ಕೆಲಸವೇ ಅಲ್ವಾ, ಇದೂ ಹಿಸ್ಟರಿಯೇ ಎಂದು ನಗುತ್ತೀ. ಎಲ್ಲವೂ ಆ ಒಂದು ದಿನದಿಂದಲೇ ಆಯಿತೆ, ಉಡುಪಿಗೆ ಹೋಗಿದ್ದರೂ ಹೀಗೇ ಆಗುತ್ತಿತ್ತೇನೋ... ನೋಡು, ಈ 'ಏನೋ' ಎಂಬುದರ ಹಿಂದೆ ಅಡಗಿಯೇ ಇಷ್ಟು ವರ್ಷ ಕಳೆದಿದ್ದೇನೆ.

ನಾನು ಇಗರ್ಜಿಯಲ್ಲಿ ಪಾದ್ರಿಗಳ ಮುಂದೆ ಮೊಣಕಾಲೂರಿ ಪಾಪನಿವೇದನೆ ಮಾಡುವವಳು. ಸಿಟ್ಟು, ಚಾಡಿ, ಭಾನುವಾರದ ಬಲಿಪೂಜೆ ತಪ್ಪಿಸಿದ್ದು, ಎಲ್ಲ ಹೇಳಿದ್ದೇನೆ. ಇದನ್ನು ಮಾತ್ರ ಹೇಳಲಿಲ್ಲ. ಹೇಳಿದರೆ, ಹೋಗಿ ಅವಳಿಗೇ ಹೇಳು ಎನ್ನುತ್ತಾರೆ ಎಂಬ ಹೆದರಿಕೆ.

ಮೊನ್ನೆ ನೀನು ಫೋನ್ ಮಾಡಿದೆ. ತಂಗಿಗೂ ಹಿಸ್ಟರಿಯೇ ಬೇಕಂತೆ. ಉಡುಪಿಯಲ್ಲಿ ಮೊದಲ ಪಟ್ಟಿಯಲ್ಲೇ ಹೆಸರು ಬಂದಿದೆ, ಆದರೂ ಅಪ್ಪನಿಗೆ ನಿಮ್ಮ ಕಾಲೇಜೇ ಮನಸ್ಸು, ನೀವು ಮನೆಯವರ ಹಾಗೆ ನೋಡಿಕೊಳ್ಳುತ್ತೀರಲ್ಲ, ಸೋಮವಾರ ಕರೆದುಕೊಂಡು ಬರುತ್ತೇನೆ ಎಂದೆ.

ನಿನಗೆ ಇದನ್ನೂ ಹೇಳಿಬಿಡಬೇಕು. ನೀನು ಮಾತಾಡುತ್ತಿದ್ದಾಗ ನನಗೆ ಮೊದಲು ಬಂದದ್ದು ನಾಚಿಕೆಯಲ್ಲ. ಈ ವರ್ಷವೂ ನಮ್ಮಲ್ಲಿ ಒಂಬತ್ತೇ ಆಗಿದೆ. ಅಬ್ಬ, ಹತ್ತಾಯಿತು ಎಂದುಕೊಂಡೆ. ನಾಚಿಕೆ ಬಂದದ್ದು ಫೋನ್ ಇಟ್ಟ ಮೇಲೆ. ನಾನು ಬದಲಾಗಿದ್ದೇನೆ ಎಂಬ ಒಂದು ನಂಬಿಕೆ ಇತ್ತು, ಅದೂ ಹೋಯಿತು. ಬಾಯಲ್ಲಿ ಹೇಳಹೊರಟರೆ ನಡುವೆ ಎಲ್ಲಾದರೂ ನನಗೆ ಬೇಕಾದ ಹಾಗೆ ತಿರುಗಿಸಿಯೇನು. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ನಿನ್ನ ಅಪ್ಪ ನನಗೇ ಸಮಾಧಾನ ಹೇಳುತ್ತಾರೆ. ಅದು ನನಗೆ ಸಲ್ಲದು. ಈ ಕಾಗದವನ್ನು ಅವರಿಗೂ ಓದಿ ಹೇಳು. ಸೋಮವಾರ ತಂಗಿಯನ್ನು ಕರೆದುಕೊಂಡು ಹೊರಟಾಗ ಉಡುಪಿಗೇ ಟಿಕೆಟ್ ತೆಗೆದುಕೊಳ್ಳಿ. ಕಾಪುವಿನಲ್ಲಿ ಇಳಿಯಬೇಡಿ.