ಅಣ್ಣ ಮಾಡಿದ ಸ್ವಿಚ್ಚು

ಅತ್ತಿಗೆ ಸತ್ತಾಗ ನಮ್ಮಣ್ಣ ಅಳಲಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ನಮ್ಮ ಬೀದಿಯವರು ಇದೊಂದನ್ನೇ ಹಿಡ್ಕೊಂಡು ಒಬ್ಬೊಬ್ಬರು ಒಂದೊಂದು ಕತೆ ಕಟ್ಟಿದ್ದಾರೆ. ಕಟ್ಟಲಿ ಬಿಡಿ, ಕೆಲಸ ಇಲ್ಲದವರಿಗೆ ಅದೂ ಒಂದು ಕೆಲಸ. ನಾನು ಅವನ ಒಡಹುಟ್ಟಿದ ತಂಗಿ, ಒಂದೇ ಗೋಡೆಯ ಆಚೆ ಮನೆಯವಳು, ಮುಂದಿನ ಕೋಣೇಲಿ ಹೊಲಿಗೆ ಅಂಗಡಿ ಇಟ್ಕೊಂಡಿರೋಳು. ದಿನಾ ಅವನನ್ನ ನೋಡಿದವಳು ನಾನು. ತಟ್ಟೆ ಮುಂದಿಟ್ರೆ ಉಣ್ಣೋನು, ಇಡದಿದ್ರೆ ಕೇಳ್ತಿರಲಿಲ್ಲ. ಸ್ನಾನಕ್ಕೆ ಹೋಗು ಅಂದ್ರೆ ಹೋಗೋನು. ಬಕೆಟ್ಟು ತುಂಬಿ ನೀರು ಹೊಸ್ತಿಲವರೆಗೂ ಬಂದ್ರೂ ನಲ್ಲಿ ನಿಲ್ಲಿಸ್ಬೇಕು ಅಂತ ಹೊಳೀತಿರಲಿಲ್ಲ. ನಾನೇ ಹೋಗಿ ಬಾಗಿಲು ಬಡೀಬೇಕಿತ್ತು.

ಅವನ ಕಸುಬು ಅಚ್ಚಿನ ನಕ್ಷೆ ಬರೆಯೋದು. ಪ್ಲಾಸ್ಟಿಕ್ ಕಾರ್ಖಾನೇಲಿ ಬಾಟಲಿ ಮುಚ್ಚಳ, ಬಕೆಟ್ಟಿನ ಹಿಡಿ, ಮಕ್ಕಳ ಊಟದ ಡಬ್ಬಿ, ಏನೇ ಎರಕ ಹೊಯ್ದ್ರೂ ಮೊದಲು ಉಕ್ಕಲ್ಲಿ ಅದರ ಅಚ್ಚು ಕೊರೀಬೇಕು, ಆ ಅಚ್ಚು ಹೇಗಿರಬೇಕು ಅಂತ ಇವನು ಕಂಪ್ಯೂಟರಲ್ಲಿ ಬರೆದು ಕೊಡಬೇಕು. ಕೂದಲೆಳೆ ಆಚೀಚೆ ಆಗೋ ಹಾಗಿಲ್ಲ. ನನ್ನ ಹೊಲಿಗೆಯಾದ್ರೆ ಬಿಚ್ಚಿ ಮತ್ತೆ ಹಾಕ್ಬಹುದು, ಉಕ್ಕು ಕೊರೆದ ಮೇಲೆ ಮುಗೀತು ಕಣೇ ಅಂತ ನನ್ನ ಹೊಲಿಗೇನ ಆಡ್ಕೊಳ್ಳೋನು. ನಿನ್ನ ಮುಚ್ಚಳ ಉಟ್ಕೊಂಡು ಯಾರೂ ಮದುವೆಗೆ ಹೋಗಲ್ಲ ಬಿಡು ಅಂತ ನಾನೂ ಸುಮ್ಮನಿರ್ತಿರಲಿಲ್ಲ.

ಮನೆಗೆ ಬಂದ ಮೇಲೆ ಅವನ ಜೀವ ಇದ್ದದ್ದು ಬೇರೆ ಕಡೆ. ಒಂದು ಗುಂಪು ಸೇರ್ಕೊಂಡಿದ್ದ. ಯಾವ್ಯಾವುದೋ ಊರಿನವರು, ಒಬ್ಬರ ಮುಖ ಒಬ್ಬರು ನೋಡದವರು, ಅಡ್ಡಹೆಸರಲ್ಲೇ ಎಲ್ಲಾ ವ್ಯವಹಾರ. ಎಲ್ಲಾ ಸೇರಿ ಒಂದು ಮೊಬೈಲ್ ಮಾಡ್ತಿದ್ರು. ಅದರ ನಕ್ಷೆ, ಒಳಗಿನ ಸಾಫ್ಟ್‌ವೇರು ಎಲ್ಲಾ ಬಯಲಲ್ಲಿ. ಯಾರು ಬೇಕಾದ್ರೂ ನೋಡಬಹುದು, ತಿದ್ದಬಹುದು, ಮಾಡ್ಕೋಬಹುದು. ಒಂದೇ ಸ್ಕ್ರೂಡ್ರೈವರಲ್ಲಿ ಪೂರ್ತಿ ಬಿಚ್ಚೋ ಹಾಗಿರಬೇಕು, ಬ್ಯಾಟರಿ ಹಳೇದಾದ್ರೆ ಮನೇಲೇ ಬದಲಾಯಿಸ್ಬೇಕು, ಪರದೆ ಒಡೆದ್ರೆ ಪರದೆ ಮಾತ್ರ ತರಬೇಕು. ಬಿಚ್ಚೋಕೆ ಬಿಡದ ಫೋನು ನಮ್ಮದಲ್ಲ ಕಣೇ, ನಾವು ಬರೀ ಹೊತ್ಕೊಂಡು ಓಡಾಡೋರು ಅನ್ನೋನು. ಒಂದು ಪೈಸೆ ಬರಲ್ಲ, ಚಾಕರಿ ಮಾತ್ರ ಅಳಿಯನಿಗೆ ಮಾಡಿದ ಹಾಗೆ ಅಂತ ನಾನು ಛೇಡಿಸಿದ್ರೆ ಅತ್ತಿಗೆ ಅವನ ಪರ ವಹಿಸ್ಕೊಳ್ಳೋರು.

ಆ ಫೋನಿನ ಪಕ್ಕದಲ್ಲಿ ಒಂದು ಜಾರೋ ಸ್ವಿಚ್ಚು. ಅದು ನಮ್ಮಣ್ಣನದು. ಕೆಳಗೆ ಜಾರಿಸಿದ್ರೆ ಮೈಕು, ಸಿಗ್ನಲ್ಲು ಎರಡೂ ನಿಜವಾಗ್ಲೂ ಕಡಿದು ಹೋಗ್ಬೇಕು. ಆಮೇಲೆ ಯಾರೂ ಕದ್ದು ಕೇಳೋ ಹಾಗಿಲ್ಲ, ಎಲ್ಲಿದ್ದೀರಿ ಅಂತ ಹುಡುಕೋ ಹಾಗಿಲ್ಲ. ಅಷ್ಟಕ್ಕೇ ಬಿಡಲಿಲ್ಲ ಅವನು. ಸ್ವಿಚ್ಚು ಮೇಲಿದೆಯೋ ಕೆಳಗಿದೆಯೋ ಅಂತ ಸಾಫ್ಟ್‌ವೇರಿಗೂ ಗೊತ್ತಾಗಬಾರದು ಅಂತ ಪಟ್ಟು ಹಿಡಿದ. ಗೊತ್ತಿದ್ರೆ ಒಂದಲ್ಲ ಒಂದು ದಿನ ಯಾರಿಗಾದ್ರೂ ಹೇಳಿಬಿಡುತ್ತೆ ಅನ್ನೋದು ಅವನ ವಾದ. ಕರೆ ಮಾಡೋ ಸಾಫ್ಟ್‌ವೇರು ಬರೆದಿದ್ದು ಗುಬ್ಬಿ ಅನ್ನೋರು. ಗಂಡಸೋ ಹೆಂಗಸೋ ನನಗೆ ಇವತ್ತಿಗೂ ಗೊತ್ತಿಲ್ಲ. ಗುಬ್ಬಿ ಒಂದಷ್ಟು ದಿನ ಕೊಸರಾಡಿ ಕಡೆಗೆ ಒಪ್ಪಿಕೊಂಡ್ರು. ಸಿಗ್ನಲ್ ಚಿಪ್ಪಿಂದ ಉತ್ತರ ಬರದಿದ್ರೆ ಫೋನು ಹಿಂದಿನ ಉತ್ತರಾನೇ, ಅಂದ್ರೆ ಸಿಗ್ನಲ್ ಇದೆ ಅಂತಾನೇ, ತೋರಿಸ್ತಾ ಇರಲಿ ಅಂತ ತೀರ್ಮಾನ ಆಯ್ತು. ಅಣ್ಣ ಗೆದ್ದ ಖುಷೀಲಿ ನಮ್ಮಿಬ್ಬರಿಗೂ ಐಸ್‌ಕ್ರೀಮ್ ತಂದಿದ್ದ.

ಆ ಗುಂಪಲ್ಲಿ ಒಂದು ಕಟ್ಟಳೆ ಇತ್ತು. ಮಾದರಿ ಫೋನನ್ನ ಮಾಡಿದವರು ಬಳಸಿದ್ರೆ ಲೆಕ್ಕಕ್ಕಿಲ್ಲ, ಗುಂಪಿಗೆ ಸೇರದ ಮನೆಯವರೊಬ್ಬರು ದಿನಬಳಕೆಗೆ ಇಟ್ಕೋಬೇಕು. ನಮ್ಮಲ್ಲಿ ಅತ್ತಿಗೆ ಇಟ್ಕೊಂಡ್ರು. ಮೊದಲನೇ ಮಾದರೀಲಿ ಸ್ವಿಚ್ಚು ಬಿಗಿ ಇತ್ತಂತೆ. ರೀ, ಇದಕ್ಕೆ ನನ್ನ ಉಗುರು ಸಾಲಲ್ಲ, ಒಂದು ಇಕ್ಕಳಾನೂ ಜೊತೇಲಿ ಕೊಡಿ ಅಂದ್ರಂತೆ. ಅಣ್ಣ ಅದನ್ನ ಅರ ಹಾಕಿ ಉಜ್ಜಿ, ತೋಡು ನುಣುಪು ಮಾಡಿ, ಬೆಣ್ಣೆ ಹಾಗೆ ಜಾರೋ ಹಾಗೆ ಮಾಡಿಕೊಟ್ಟ, ಗುಂಪಿನ ನಕ್ಷೇಲೂ ಹಾಗೇ ತಿದ್ದಿದ. ನನ್ನ ಅಂಗಡಿಗೂ ತಂದು ಮೇಲೆ ಕೆಳಗೆ, ಮೇಲೆ ಕೆಳಗೆ ಮಾಡಿ ತೋರಿಸಿದ. ನನ್ನ ಕೈಲಿ ಬಟ್ಟೆ ಇತ್ತು, ಸರಿಯಾಗಿ ನೋಡಲೂ ಇಲ್ಲ.

ಅತ್ತಿಗೆ ಕೆಲಸ ಬಟ್ಟೆ ಗೋದಾಮಲ್ಲಿ. ಬಂದ ಥಾನುಗಳನ್ನ ಬಣ್ಣ ನೋಡಿ ಬೇರೆ ಮಾಡಿ ಕಪಾಟಿಗೆ ಏರಿಸೋದು. ಅವತ್ತು ಶನಿವಾರ, ಅರ್ಧ ದಿನ. ಉಳಿದವರು ಹೋದ್ರು, ಇವರು ಉಳಿದದ್ದನ್ನ ಮುಗಿಸಿಬಿಡೋಣ ಅಂತ ಮಹಡಿ ಮೇಲೆ ನಿಂತ್ರು. ಅಲ್ಲೇ ಎದೆನೋವು ಬಂದಿದೆ. ಕೆಳಗೆ ದೊಡ್ಡ ಫ್ಯಾನಿನ ಸದ್ದು, ಕೂಗಿದ್ರೂ ಯಾರಿಗೂ ಕೇಳಲ್ಲ. ಸಾಯಂಕಾಲ ಬೀಗ ಹಾಕೋಕೆ ಹೋದ ಕಾವಲುಗಾರ ನೋಡಿದ್ದು. ಎರಡು ಕಪಾಟಿನ ಸಂದೀಲಿ ಒರಗಿ ಕೂತಿದ್ರಂತೆ, ಕೈಲಿ ಫೋನು. ಸ್ವಲ್ಪ ಮುಂಚೆ ಗೊತ್ತಾಗಿದ್ರೆ ಅಂತ ಶುರು ಮಾಡಿದ ಡಾಕ್ಟರು, ಅಣ್ಣನ ಮುಖ ನೋಡಿ, ಹೇಳೋಕಾಗಲ್ಲ ಬಿಡಿ ಅಂತ ಮಾತು ತಿರುಗಿಸಿದ್ರು.

ಆ ಮಧ್ಯಾಹ್ನ ಅಣ್ಣ ಮನೇಲೇ ಇದ್ದ. ಫೋನು ಕೈಗೆಟುಕೋ ಹಾಗೆ ಮೇಜಿನ ಮೇಲಿತ್ತು. ಎದುರಿಗೆ ಅದೇ ಮೊಬೈಲಿನ ಕಡೇ ನಕ್ಷೆ. ಟೀ ಕೊಡೋಕೆ ಹೋದಾಗ ಏನೋ ಗುನುಗ್ತಾ ಇದ್ದ. ನಿಮ್ಮ ಅತ್ತಿಗೆ ಇವತ್ತು ತಡ ಅಂದ.

ಆಮೇಲೆ ಹೇಳೋಕೆ ಏನಿದೆ. ನೆಂಟರು ಬಂದ್ರು, ಹೋದ್ರು. ಅಣ್ಣ ಕೆಲಸಕ್ಕೆ ಹೋಗಿ ಬರ್ತಿದ್ದ. ಒಂದು ಭಾನುವಾರ ಅಚ್ಚು ಕೊರೆಯೋ ಕಾರ್ಖಾನೆಯ ಮೇಸ್ತ್ರಿ ಫೋನ್ ಮಾಡಿದ್ರು. ಉಕ್ಕು ಬಂದು ಕೂತಿದೆ, ನಿಮ್ಮ ಗುಂಪಿನವರೆಲ್ಲ ಒಪ್ಪಿಗೆ ಹಾಕಿಯಾಯ್ತು, ನಿಮ್ಮದೊಂದು ಹೂಂ ಬಂದ್ರೆ ನಾಳೆನೇ ಕೊರೆಯೋಕೆ ಶುರು ಅಂದ್ರು. ನೋಡ್ತೀನಿ ಅಂದ ಅಣ್ಣ. ಅವನ ದನಿ ಕೇಳಿದ್ರೆ ಯಾರದೋ ಮನೆ ವಿಷಯ ಅನ್ನಿಸ್ಬೇಕು. ಫೋನ್ ಇಟ್ಟು ನನ್ನ ಕಡೆ ತಿರುಗಿದ.

"ಸ್ವಿಚ್ಚು ಕೆಳಗಿತ್ತು ಕಣೇ," ಅಂದ.

ನನಗೆ ತಲೆಬುಡ ತಿಳೀಲಿಲ್ಲ. ಬಸ್ಸಿನ ಹೊತ್ತು ಹೇಳೋ ಹಾಗೆ ಬಿಡಿಸಿ ಹೇಳಿದ. ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ದಾಗ ಅಲ್ಲಿಯವರು ಅತ್ತಿಗೆಯ ಫೋನು ತಂದು ಅವನ ಕೈಗೆ ಕೊಟ್ಟಾಗ ಪಕ್ಕದ ಸ್ವಿಚ್ಚು ಕೆಳಗೆ ಜಾರಿತ್ತಂತೆ. ಅವಳು ಜಾರಿಸೋಳಲ್ಲ, ಬ್ಯಾಗಲ್ಲಿ ತಾನಾಗೇ ಜಾರಿದೆ ಅಂದ. ಪರದೆ ಮೇಲೆ ಅವನ ಹೆಸರು. ಕರೆ ಹೋಗುತ್ತಿದೆ ಅಂತಾನೇ ಇತ್ತಂತೆ.

ನನ್ನ ಪಿತ್ತ ನೆತ್ತಿಗೇರಿತು. ಆ ದರಿದ್ರ ಫೋನನ್ನ ಒಲೆಗೆ ಹಾಕು ಅಂದೆ. ಆ ಗುಂಪಿನ ಸಹವಾಸಾನೇ ಬೇಡ, ಯಾರ ಹತ್ತಿರಾನೂ ಬಾಯಿ ಬಿಡಬೇಡ, ಹೆಂಡ್ತೀನ ನೀನೇ ಕೊಂದೆ ಅಂತಾರೆ ಅಂತ ಒಂದೇ ಉಸಿರಿಗೆ ಅಂದುಬಿಟ್ಟೆ. ಅವನು ರೇಗಲಿಲ್ಲ. ರೇಗಿದ್ರೆ ನನಗೆ ಸಮಾಧಾನ ಆಗ್ತಿತ್ತು.

"ಅಂದ್ರೆ ಅನ್ನಲಿ. ನಾನು ಹೂಂ ಅಂದ್ರೆ ಇದೇ ಸ್ವಿಚ್ಚು ಎಷ್ಟೋ ಜನರ ಮನೆಗೆ ಹೋಗುತ್ತೆ," ಅಂದ.

ಹಾಗಾದ್ರೆ ಸ್ವಿಚ್ಚು ಬದಲಾಯಿಸಿ ಅಂತ ಒಂದು ಸಾಲು ಗೀಚಿ ಕೈ ತೊಳ್ಕೋ ಅಂದೆ. ಹಾಗೆ ನಡೆಯಲ್ಲವಂತೆ. ಆ ಗುಂಪಲ್ಲಿ ದೂರು ಹೇಳಿದವನು ಎಲ್ಲರೆದುರಿಗೆ ಕಾರಣ ಕೊಡಬೇಕು, ಆ ಕಾರಣ ಬೇರೆಯವರು ತಾವೇ ಮಾಡಿ ನೋಡೋ ಹಾಗಿರಬೇಕು. ಅದಕ್ಕೆ ಮೊದಲು ಅವನು ಮಾಡಿ ನೋಡಬೇಕು. ಮಾಡಿ ನೋಡೋದು ಅಂದ್ರೆ ಏನು ಅಂತ ನನಗೆ ಹೊಳೆಯೋ ಹೊತ್ತಿಗೆ ಅವನು ಎದ್ದು ಗೂಟದಿಂದ ಅತ್ತಿಗೆ ಬ್ಯಾಗು ತೆಗೀತಿದ್ದ.

ಬ್ಯಾಗಲ್ಲಿದ್ದ ಒಂದು ವಸ್ತೂನೂ ನಾವು ತೆಗೆದಿರಲಿಲ್ಲ. ಬೀಗದ ಕೈ ಗೊಂಚಲು, ಬಾಚಣಿಗೆ, ನೀರಿನ ಬಾಟಲಿ, ಅರ್ಧ ತಿಂದು ಮಡಚಿಟ್ಟ ಬಿಸ್ಕತ್ ಪೊಟ್ಟಣ. ಸ್ವಿಚ್ಚು ಮೇಲೆ ಮಾಡಿ ಫೋನನ್ನ ಅದರ ನಡುವೆ ಇಟ್ಟ. ಬ್ಯಾಗು ಹೆಗಲಿಗೆ ಹಾಕ್ಕೊಂಡು ಮೆಟ್ಟಿಲಿಳಿದ, ಬೀದಿ ಕೊನೆವರೆಗೂ ಹೋಗಿ ಬಂದ. ಹೆಂಗಸರ ಬ್ಯಾಗು ಹಾಕ್ಕೊಂಡು ನಡೆಯೋ ಗಂಡಸನ್ನ ಎದುರುಮನೆಯವಳು ಕಣ್ಣು ಕಿಸಿದು ನೋಡಿದ್ಲು. ನಾನು ಅವಳನ್ನ ಇನ್ನೂ ದೊಡ್ಡ ಕಣ್ಣಲ್ಲಿ ನೋಡಿದೆ, ಒಳಗೆ ಹೋದ್ಲು. ಅಣ್ಣ ಮೂರ್ನಾಲ್ಕು ಸಲ ಹಾಗೇ ಹೋಗಿ ಬಂದ. ಕಡೇ ಸಲ ತೆಗೆದು ನೋಡಿದಾಗ ಸ್ವಿಚ್ಚು ಕೆಳಗಿತ್ತು. ಬೀಗದ ಕೈ ತಾಗಿ ಜಾರಿದೆ ಅಂದ.

"ನಿನ್ನ ಫೋನ್ ತಗೊಂಡು ಒಳಗಿನ ಕೋಣೇಲಿ ಕೂತ್ಕೋ," ಅಂದ.

ಹೋಗಿ ಮಂಚದ ಮೇಲೆ ಕೂತೆ. ಫೋನು ತೊಡೆ ಮೇಲಿಟ್ಕೊಂಡು ಅದನ್ನೇ ನೋಡ್ತಿದ್ದೆ. ಗಂಟೆ ಹೊಡೀಲಿಲ್ಲ. ಹೊಡಿಯೋ ಮಾರಾಯ, ಒಂದು ಸಲ ಹೊಡಿ, ಇವನು ಹೇಳಿದ್ದೆಲ್ಲ ಸುಳ್ಳಾಗಲಿ ಅಂತ ಆ ಫೋನಿಗೇ ಬೇಡ್ಕೊಂಡೆ. ತಡೆಯೋಕಾಗದೆ ಎದ್ದು ಹೊರಗೆ ಬಂದ್ರೆ ಅಣ್ಣ ಅತ್ತಿಗೆ ಫೋನು ಕಿವಿಗಿಟ್ಕೊಂಡು ಹಾಗೇ ನಿಂತಿದ್ದಾನೆ. ಕಿತ್ಕೊಂಡು ನೋಡಿದೆ. ಸಿಗ್ನಲ್ ಕಡ್ಡಿ ಪೂರ್ತಿ. ಕರೆ ಹೋಗುತ್ತಿದೆ. ಕಿವಿಗಿಟ್ರೆ ಟ್ರೂಂ, ಟ್ರೂಂ ಅಂತ ಸದ್ದು ಬೇರೆ. ಆ ಸದ್ದು ಫೋನೇ ಮಾಡ್ಕೊಳ್ಳೋದಂತೆ.

"ನಾನೇ ಎತ್ತುತ್ತಿಲ್ಲ ಅಂದ್ಕೊಂಡಿರ್ತಾಳೆ," ಅಂದ ಅಣ್ಣ.

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅವನು ನೀರು ತಂದುಕೊಟ್ಟ. ಲೋಟ ನನ್ನ ಕೈಲಿ ಸರಿಯಾಗಿ ಕೂತಿದೆಯಾ ಅಂತ ನೋಡಿ ಕೈ ಬಿಟ್ಟ. ಆಮೇಲೆ ಕಂಪ್ಯೂಟರ್ ಮುಂದೆ ಹೋಗಿ ಕೂತ.

ದೂರು ಬರೆಯೋ ಕಡೆ ಕೇಳೋ ಪ್ರಶ್ನೆ ಮೂರೇ. ಏನು ಮಾಡುತ್ತಿದ್ದಿರಿ, ಏನಾಗಬೇಕಿತ್ತು, ಏನಾಯಿತು. ಬ್ಯಾಗಲ್ಲಿ ಬೀಗದ ಕೈ ತಾಗಿ ಸ್ವಿಚ್ಚು ಜಾರಿತ್ತು, ಬಳಸುತ್ತಿದ್ದವರಿಗೆ ಅದು ತಿಳಿಯದೆ ಕರೆ ಮಾಡಿದರು ಅಂತ ಬರೆದ. ಕರೆ ಹೋಗಬೇಕಿತ್ತು. ಹೋಗಲಿಲ್ಲ. ಅಷ್ಟೇ. ಅತ್ತಿಗೆ ಸತ್ತಿದ್ದು ಯಾಕೆ ಬರೀಲಿಲ್ಲ ಅಂತ ನಾನು ಕೇಳಿದ್ರೆ, ಅದನ್ನ ಅವರು ಕೇಳಿಲ್ಲವಲ್ಲ ಅಂದ. ಅಚ್ಚು ಈಗ ಕೊರೆಯೋದು ಬೇಡ ಅಂತ ಬರೆದು ಮೇಸ್ತ್ರಿಗೂ ಹೇಳಿದ. ಮೇಸ್ತ್ರಿ ಗೊಣಗಿದ್ರು, ಕೇಳ್ಕೊಂಡ.

ಮಾರನೇ ದಿನದಿಂದ ಉತ್ತರ ಬರೋಕೆ ಶುರು ಆಯ್ತು. ಒಬ್ಬರು ತಮ್ಮ ಮಗಳ ಶಾಲೆ ಚೀಲದಲ್ಲಿ ಹಾಕಿ ನೋಡಿದ್ರಂತೆ, ಹೌದು ಜಾರುತ್ತೆ ಅಂದ್ರು. ಇನ್ನೊಬ್ಬರು ಸ್ವಿಚ್ಚಿಗೆ ಆಳವಾದ ಗುಳಿ ಮಾಡಿ, ಉಗುರಲ್ಲಿ ಎತ್ತಿದ್ರೆ ಮಾತ್ರ ಸರಿಯೋ ಹಾಗಿರಲಿ ಅಂತ ಚಿತ್ರ ಬರೆದು ಕಳಿಸಿದ್ರು. ಕೆಳಗೆ ಜಾರಿದಾಗ ಅಡಿಯಿಂದ ಕೆಂಪು ಪಟ್ಟಿ ಕಾಣಲಿ ಅಂದ್ರು ಮತ್ತೊಬ್ಬರು. ಸಾಫ್ಟ್‌ವೇರಿಗೆ ತಿಳಿಸದೆ ಸ್ವಿಚ್ಚಿಗೇ ಒಂದು ಪುಟ್ಟ ಬಜರ್ ಕಟ್ಟೋಣ ಅಂತ ಇನ್ಯಾರೋ. ಅಣ್ಣ ಒಂದೊಂದಕ್ಕೂ ಗುಳಿ ಎಷ್ಟಿರಬೇಕು, ಪ್ಲಾಸ್ಟಿಕ್ಕು ಅಚ್ಚಲ್ಲಿ ಎಲ್ಲಿ ಅಂಟಿಕೊಳ್ಳುತ್ತೆ ಅಂತ ಉತ್ತರ ಬರೆದ. ನನಗೋ ಹೊಟ್ಟೆ ಉರೀತಿತ್ತು. ನಮ್ಮ ಅತ್ತಿಗೆ ಹೋದದ್ದು ಈ ಜನಕ್ಕೆ ಬಿಡಿಸೋಕೆ ಸಿಕ್ಕ ಒಗಟಾಯ್ತಲ್ಲ ಅಂತ. ಪಾಪ, ಅವರಿಗೇನು ಗೊತ್ತು.

ಗುಬ್ಬಿ ಬರೆದಿದ್ದು ಎಲ್ಲರಿಗಿಂತ ಕೊನೇಲಿ. ತಪ್ಪು ನನ್ನದೂ ಇದೆ, ಉತ್ತರ ಬರದಿದ್ದಾಗ ಹಳೇ ಸಿಗ್ನಲ್ ತೋರಿಸಬಾರದಿತ್ತು, ಸರಿ ಮಾಡ್ತೀನಿ ಅಂತ ಶುರು ಮಾಡಿದ್ರು. ಕರೆ ಹೋಗದಿದ್ರೆ ಫೋನು ಜೋರಾಗಿ ಕಂಪಿಸಿ ಹೇಳ್ಬೇಕು, ಆದರೆ ಎಷ್ಟು ಹೊತ್ತಿಗೆ ಹೇಳಬೇಕು ಅನ್ನೋದು ತೀರ್ಮಾನ ಆಗ್ತಿಲ್ಲ ಅಂದ್ರು. ಅದರ ಕೆಳಗೆ ಒಂದು ಪ್ರಶ್ನೆ. ಅಣ್ಣ ಓದಿ ಕುರ್ಚಿ ಸ್ವಲ್ಪ ಸರಿಸಿದ, ನನಗೂ ಕಾಣಲಿ ಅಂತ.

"ಬಳಸುತ್ತಿದ್ದವರನ್ನ ದಯವಿಟ್ಟು ಒಂದು ಮಾತು ಕೇಳಿ ಹೇಳ್ತೀರಾ? ಕರೆ ಹೋಗ್ತಾ ಇಲ್ಲ ಅಂತ ಅವರಿಗೆ ಯಾವಾಗ ಗೊತ್ತಾಯ್ತು?"

ಅಣ್ಣ ಕೀಲಿಮಣೆ ಮೇಲೆ ಕೈಯಿಟ್ಟ. ಹೊರಗೆ ಯಾರೋ ರವಿಕೆ ಕೊಡೋಕೆ ಬಂದು ನನ್ನನ್ನ ಕೂಗಿದ್ರು, ನಾನು ಓಗೊಡಲಿಲ್ಲ. ಅವರು ಕರೆದು ಕರೆದು ಹೋದ್ರು.

"ಗೊತ್ತಾಗಿರುತ್ತೇನೇ ಅವಳಿಗೆ?" ಅಂತ ಕೇಳಿದ ಅಣ್ಣ.

ನಾನು ಅವನ ಕುರ್ಚಿಗೆ ಇನ್ನಷ್ಟು ಹತ್ತಿರ ಸರಿದೆ. ಅವನು ಒಂದೊಂದೇ ಕೀಲಿ ಒತ್ತಿ ಬರೆದ. ಗೊತ್ತಾಗಲಿಲ್ಲ. ನಾನು ಎತ್ತುತ್ತೇನೆ ಅಂತ ಕೊನೆಯವರೆಗೂ ಕಿವಿಗೆ ಹಿಡಿದುಕೊಂಡೇ ಇದ್ದಳು. ಅವಳು ನನ್ನ ಹೆಂಡತಿ.

ಬರೆದು ನನ್ನ ಮುಖ ನೋಡಿದ. ಕಳಿಸು ಅಂದೆ.