ಬಂದ ಮೇಲ್‌ಗೆಲ್ಲ ಮರ್ಯಾದೆ

ಮಂಡೆಕೋಲಿನ ದುಗ್ಗಪ್ಪ ಗೌಡರ ಬಾಯಿಂದ 'ಬೇಡ' ಎಂಬ ಮಾತು ಹೊರಟದ್ದನ್ನು ಕೇಳಿದವರು ಊರಿನಲ್ಲಿ ಯಾರೂ ಇಲ್ಲ. ಊಟಕ್ಕೆ ಕುಳಿತರೆ ಬಡಿಸುವವರು ದಣಿಯಬೇಕೇ ಹೊರತು ಅವರು ಎಲೆಗೆ ಕೈ ಅಡ್ಡ ಹಿಡಿದವರಲ್ಲ. ಪಾತ್ರೆ ಮಾರುವವರು, ಇನ್ಶೂರೆನ್ಸಿನವರು, ಎಲ್ಲ ಪಕ್ಷಗಳ ಓಟು ಕೇಳುವವರು, ಯಾರೇ ಅಂಗಳಕ್ಕೆ ಬರಲಿ, ಉಪಚಾರ ಒಂದೇ. ಮೊದಲು ಬೆಲ್ಲ ನೀರು. ಆಮೇಲೆ ಅವರು ಹೇಳುವುದನ್ನು ಕೊನೆಯವರೆಗೆ ಕೇಳುವುದು. ಕಡೆಗೆ ಬೇಲಿಯ ಬಾಗಿಲಿನ ದಣಪೆಯವರೆಗೆ ಜೊತೆಗೆ ಹೋಗಿ, "ಸಂತೋಷ ಆಯ್ತು ಮಾರಾಯ್ರೆ. ಈಗ ಸ್ವಲ್ಪ ಅನುಕೂಲ ಇಲ್ಲ. ಮುಂದೆ ನೋಡುವ" ಎಂದು ಕಳುಹಿಸುವುದು. ನಮ್ಮ ಕಡೆ ಇದರ ಅರ್ಥ ಎಳೆಮಕ್ಕಳಿಗೂ ಗೊತ್ತು. ಬಂದವರು ಮುಖ ಸಣ್ಣದು ಮಾಡಿಕೊಳ್ಳದೆ ಹೋಗುತ್ತಾರೆ, ಮತ್ತೆ ಬರುವುದಿಲ್ಲ.

ಇಂಥ ಮನುಷ್ಯನಿಗೆ ಇ-ಮೇಲ್ ಮಾಡಿಕೊಟ್ಟದ್ದು ಯಾರ ತಪ್ಪೆಂದರೆ ಗಾನಶ್ರೀಯ ತಪ್ಪು. ಗೌಡರ ಅಕ್ಕನ ಮಗಳು, ಸುಳ್ಯದಲ್ಲಿ ಜೆರಾಕ್ಸ್ ಅಂಗಡಿ ಇಟ್ಟವಳು. ಯಾವುದೋ ಅರ್ಜಿಗೆ ಬೇಕೆಂದು ವಿಳಾಸ ಸೃಷ್ಟಿಸಿ, ಮಾವನ ಫೋನಿನಲ್ಲಿ ಕೂರಿಸಿ, ಇಂಗ್ಲಿಷನ್ನು ಕನ್ನಡ ಮಾಡುವ ಗುಂಡಿಯನ್ನೂ ತೋರಿಸಿ ಅವಳು ಮರೆತುಬಿಟ್ಟಳು. ಗೌಡರು ಮರೆಯಲಿಲ್ಲ. ಚಪ್ಪಲಿ ಅಂಗಡಿಯಲ್ಲಿ ಮೇಲ್ ಐಡಿ ಕೇಳಿದರು, ಕೊಟ್ಟರು. ಕನ್ನಡಕದ ಅಂಗಡಿಯಲ್ಲಿ ಕೇಳಿದರು, ಕೊಟ್ಟರು. ಹುಲ್ಲು ಕತ್ತರಿಸುವ ಯಂತ್ರದ ಅಂಗಡಿಯವರು ಕೇಳಲು ಮರೆತಿದ್ದರು, ಇವರೇ ನೆನಪಿಸಿ ಕೊಟ್ಟು ಬಂದರು.

ಆಮೇಲೆ ಶುರುವಾಯಿತು ನೋಡಿ ದಿಬ್ಬಣ! ಬೆಳಗ್ಗೆ ಏಳುವಷ್ಟರಲ್ಲಿ ಗೋವೆಯ ವಿಮಾನ, ತಲೆಗೆ ಬಣ್ಣ, ನಿಂತಲ್ಲೇ ಸಾಲ. ಒಂದು ವಿವಾಹ ವೇದಿಕೆಯಂತೂ 'ಪ್ರಿಯ ದುಗ್ಗಪ್ಪ, ನಿಮ್ಮವಳು ನಿಮಗಾಗಿ ಕಾಯುತ್ತಿದ್ದಾಳೆ' ಎಂದು ಬರೆದಿತ್ತು. ನಿಮ್ಮವಳು ಅಡುಗೆಮನೆಯಲ್ಲಿ ಕಾಯುತ್ತಲೇ ಇದ್ದಳು, ಗಂಜಿ ಆರುತ್ತಿತ್ತು. ಗೌಡರು ಮಾತ್ರ ಜಗಲಿಯಲ್ಲಿ ಕುಳಿತು ಒಂದೊಂದನ್ನೂ ತಲೆಯಿಂದ ಬುಡದವರೆಗೆ ಓದುತ್ತಿದ್ದರು. ಹೆಸರು ಹಿಡಿದು ಕರೆದವರನ್ನು ನಿಲ್ಲಿಸಿ ಮಾತಾಡಿಸದಿದ್ದರೆ ಮನುಷ್ಯನೆನ್ನುತ್ತಾರೆಯೇ!

ಒಮ್ಮೆ ಚಪ್ಪಲಿ ಅಂಗಡಿಯಿಂದ 'ನಿಮ್ಮನ್ನು ಕಾಣದೆ ಬೇಸರವಾಗಿದೆ' ಎಂದು ಬಂತು. ಗೌಡರು ಅದನ್ನು ಎರಡು ಸಲ ಓದಿದರು. ಮರುದಿನವೇ ಬಸ್ಸು ಹತ್ತಿ ಸುಳ್ಯಕ್ಕೆ ಹೋಗಿ, ಅಂಗಡಿಯ ಬಾಗಿಲಲ್ಲಿ ನಿಂತು, "ನಾನು ಚೆನ್ನಾಗಿದ್ದೇನೆ" ಎಂದರು. ಒಳಗಿದ್ದ ಹುಡುಗಿ ಅವರ ಪಾದ ನೋಡಿ, "ಎಷ್ಟು ನಂಬ್ರ ಸರ್?" ಎಂದು ಕೇಳಿದಳು. ಬೇಡ ಎನ್ನಲಾರದೆ ಒಂದು ಜೊತೆ ತಂದರು. ಅದು ಕಚ್ಚುತ್ತಿತ್ತು.

ಓದಿದ ಮೇಲೆ ಉತ್ತರ ಬೇಡವೇ? ಒಂದೊಂದಕ್ಕೂ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಬರೆಯುತ್ತಿದ್ದರು. ಹೆಚ್ಚಿನವು ತಲುಪದೆ ಹಿಂದಕ್ಕೆ ಬರುತ್ತಿದ್ದವು. ಪಾಪ, ಮನೆಯಲ್ಲಿ ಯಾರೂ ಇರಲಿಲ್ಲ ಕಾಣುತ್ತದೆ ಎಂದು ಗೌಡರು ಮತ್ತೊಮ್ಮೆ ಕಳುಹಿಸುತ್ತಿದ್ದರು. ಇದನ್ನು ಕಂಡ ಗಾನಶ್ರೀ ತಲೆಗೆ ಕೈ ಹಚ್ಚಿದಳು.

"ಮಾವ, ಇಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ಅನ್‌ಸಬ್‌ಸ್ಕ್ರೈಬ್ ಅಂತ ಉಂಟಲ್ವಾ, ಅದನ್ನು ಒತ್ತುದು. ನಿಮ್ಮ ಹಕ್ಕು ಅದು. ಬೇಡ ಅಂದ ಮೇಲೆ ಅವರು ಮತ್ತೆ ಕಳಿಸ್ಲಿಕ್ಕಿಲ್ಲ."

ಗೌಡರು ಒತ್ತಿದರು. 'ನಮ್ಮನ್ನು ಬಿಟ್ಟು ಹೋಗುತ್ತಿದ್ದೀರಾ?' ಎಂಬ ಪ್ರಶ್ನೆಯೊಂದಿಗೆ ಕಣ್ಣೀರು ಹಾಕುವ ನಾಯಿಮರಿಯ ಚಿತ್ರ ಬಂತು. ಗೌಡರು ಬಿಸಿ ತಾಗಿದವರಂತೆ ಕೈ ತೆಗೆದರು. "ಮನೆಗೆ ಬಂದವರನ್ನು ಹಾಗೆ ಓಡಿಸುದು ಹೇಗೆ? ನೀನು ಒಂದು ಕೆಲಸ ಮಾಡು. ನಾನು ಹೇಳುವ ಮಾತನ್ನು ಇದರಲ್ಲಿ ಹಾಕಿ ಇಡು, ಒಮ್ಮೆ ಒತ್ತಿದರೆ ಹೋಗುವ ಹಾಗೆ."

ಹಾಗೆ ತಯಾರಾಯಿತು ಆ ಉತ್ತರ: 'ನಿಮ್ಮ ಕಾಗದ ತಲುಪಿ ಬಹಳ ಸಂತೋಷವಾಯಿತು. ಈಗ ಅನುಕೂಲ ಇಲ್ಲ. ಮುಂದೆ ನೋಡುವ.' ಈಗ ಕೆಲಸ ಹಗುರವಾಯಿತು. ಹಗುರವಾದ ಮೇಲೆ ಓದುವುದೂ ಕಡಿಮೆಯಾಯಿತು. ಎತ್ತು ಈದಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂಬ ಹಾಗೆ, ಮೇಲ್ ಬಂತೆಂದರೆ ಗುಂಡಿ ಒತ್ತುವುದೇ.

ಇತ್ತ ಗೌಡರ ಹೆಂಡತಿ ದಮಯಂತಿಗೆ ಆ ವರ್ಷ ಬೇರೆಯೇ ಹುಮ್ಮಸ್ಸು. ಇಷ್ಟು ಕಾಲ ಅವಳ ಹಲಸಿನ ಹಪ್ಪಳ ನೆಂಟರ ಚೀಲದಲ್ಲಿ ಊರು ಸುತ್ತಿದ್ದೇ ಹೊರತು ಅವಳ ಹೆಸರಿನಲ್ಲಿ ಎಲ್ಲಿಯೂ ಕುಳಿತದ್ದಿಲ್ಲ. ಪುತ್ತೂರಿನಲ್ಲಿ ಹಲಸಿನ ಮೇಳ ನಡೆಯುತ್ತದೆಂದು ತಿಳಿದು, ಗಂಡನಿಗೂ ಹೇಳದೆ ತಾನೇ ಅರ್ಜಿ ಹಾಕಿದ್ದಳು. ಅಂಗಡಿ ಸಿಕ್ಕಿದ ಮೇಲೆ ಹೇಳಿದರೆ ಅದರ ಗತ್ತೇ ಬೇರೆ. ಮನೆಯಲ್ಲಿ ಇದ್ದದ್ದು ಒಂದೇ ಮೇಲ್ ವಿಳಾಸ, ಅದನ್ನೇ ಬರೆದಳು. ಆಮೇಲೆ ಹಲಸಿನ ಸೊಳೆ ಬೇಯಿಸಿದ್ದೇನು, ಗುದ್ದಿದ್ದೇನು, ಅಂಗಳದ ತುಂಬ ಚಾಪೆ ಹಾಸಿ ಒಣಗಿಸಿದ್ದೇನು! ಗೌಡರು ಹಪ್ಪಳದ ನಡುವೆ ದಾರಿ ಹುಡುಕಿಕೊಂಡು ಓಡಾಡಿದರು. ಇಷ್ಟು ಹಪ್ಪಳ ಯಾರಿಗೆ ಎಂದು ಕೇಳುವುದು ಅವರ ದಾಕ್ಷಿಣ್ಯಕ್ಕೆ ಒಪ್ಪಲಿಲ್ಲ.

ಮೇಳ ಹತ್ತಿರ ಬಂದರೂ ಸುದ್ದಿಯಿಲ್ಲ. ದಮಯಂತಿ ಮೇಳದ ಮುಖ್ಯಸ್ಥ ಮಹಾಲಿಂಗ ಭಟ್ಟರಿಗೆ ಫೋನು ಮಾಡಿದಳು.

"ಅಂಗಡಿ ಉಂಟು ಅಂತ ಮೇಲ್ ಕಳಿಸಿದ್ದಕ್ಕೆ ನಿಮ್ಮದು ಅನುಕೂಲ ಇಲ್ಲ ಅಂತ ಉತ್ತರ ಬಂತಲ್ಲ ಅಮ್ಮ," ಎಂದರು ಭಟ್ಟರು. "ಹೆಚ್ಚಿನವರು ಉತ್ತರವೇ ಕೊಡುದಿಲ್ಲ. ಎಷ್ಟು ಮರ್ಯಾದೆಯಿಂದ ಬರೆದಿದ್ರಿ, ನಾನು ಮೀಟಿಂಗಿನಲ್ಲಿ ಓದಿ ಹೇಳಿದೆ. ನಿಮ್ಮ ಜಾಗ ಕೋಡಿಂಬಾಳದ ಹರಿಣಾಕ್ಷಿಗೆ ಕೊಟ್ಟಾಯ್ತು."

ದಮಯಂತಿ ಫೋನು ಕೆಳಗಿಟ್ಟು ಜಗಲಿಗೆ ಬಂದಳು. ಗೌಡರು ಆಗಷ್ಟೇ ಹಲ್ಲಿನ ಆಸ್ಪತ್ರೆಯೊಂದಕ್ಕೆ ಸಂತೋಷ ತಿಳಿಸುತ್ತಿದ್ದರು. ಅವಳು ಕೂಗಾಡಲಿಲ್ಲ. ನಡೆದದ್ದನ್ನು ಹೇಳಿ, "ಊರಿಗೆಲ್ಲ ಮರ್ಯಾದೆ ಕೊಟ್ರಿ. ನನಗೆ ಬಂದದ್ದು ಒಂದೇ ಒಂದು. ಅದನ್ನು ಓದ್ಲಿಕ್ಕೂ ಆಗಲಿಲ್ಲ" ಎಂದು ಚಾಪೆ ಸುತ್ತಲು ಹೋದಳು. ಹಪ್ಪಳ ಇನ್ನೂ ಒಣಗಿರಲಿಲ್ಲ.

ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲಿಕ್ಕೆ ಜಾಗವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದರೇ? ಗೌಡರಿಗೆ ನಾಚಿಕೆಯೂ ದುಃಖವೂ ಒಟ್ಟಿಗೇ ಬಂತು. ಆ ಮಧ್ಯಾಹ್ನ ಅವರು ಮಲಗಲಿಲ್ಲ. ಒಂದೊಂದು ಮೇಲ್‌ನ ಬುಡಕ್ಕೆ ಹೋಗಿ ಆ ಸಣ್ಣ ಅಕ್ಷರ ಹುಡುಕಿ ಒತ್ತಿದರು. ನಾಯಿಮರಿ ಅತ್ತಿತು. ಅಳಲಿ ಎಂದರು. ಬಿಟ್ಟು ಹೋಗಲು ಕಾರಣವೇನೆಂದು ಇನ್ನೊಬ್ಬರು ಕೇಳಿದರು. ಮೇಲ್ ಹೆಚ್ಚಾಯಿತು, ವಸ್ತು ಇಷ್ಟವಾಗಲಿಲ್ಲ ಎಂದು ಅವರೇ ಕೊಟ್ಟ ಕಾರಣಗಳನ್ನೆಲ್ಲ ಬಿಟ್ಟು, 'ಇತರೆ' ಎಂಬಲ್ಲಿ ಗೌಡರು ಬರೆದರು: 'ಹೆಂಡತಿ ಮಾತಾಡುವುದಿಲ್ಲ.'

ಮರುದಿನ ಪುತ್ತೂರಿಗೆ, ಭಟ್ಟರ ಮನೆಗೆ ಹೋದರು. ಭಟ್ಟರು ಬೆಲ್ಲ ನೀರು ಕೊಟ್ಟರು, ಕಥೆಯನ್ನು ಪೂರ್ತಿ ಕೇಳಿದರು, ನಕ್ಕರು. ಆಮೇಲೆ ಅಂಗಳದ ಕಡೆ ಒಂದು ಹೆಜ್ಜೆ ಇಟ್ಟು, "ಬಂದದ್ದು ಸಂತೋಷ ಗೌಡ್ರೆ. ಈ ಸಲ ಕಷ್ಟ. ಮುಂದಿನ ವರ್ಷ ನೋಡುವ" ಎಂದರು.

ಎದ್ದು ಹೊರಡಬೇಕಾದ ಜಾಗ ಅದೆಂದು ದುಗ್ಗಪ್ಪ ಗೌಡರಿಗಿಂತ ಚೆನ್ನಾಗಿ ಬಲ್ಲವರುಂಟೇ? ಅವರು ಏಳಲಿಲ್ಲ.

"ಇಲ್ಲ ಭಟ್ರೆ. ಮುಂದಿನ ವರ್ಷ ಬೇಡ. ಈ ವರ್ಷವೇ ಬೇಕು. ತಪ್ಪು ನನ್ನದು, ಅವಳದ್ದಲ್ಲ. ಅರ್ಧ ಮೇಜಾದರೂ ಕೊಡಿ."

ಭಟ್ಟರಿಗೆ ಇಂಥ ಮಾತು ಕೇಳಿ ಅಭ್ಯಾಸವಿಲ್ಲ. ನಿಂತವರು ಮತ್ತೆ ಕುಳಿತರು, ಎಲೆಯಡಕೆಯ ತಟ್ಟೆ ಮುಂದೆ ತಳ್ಳಿದರು, ಕಡೆಗೆ ಹರಿಣಾಕ್ಷಿಗೆ ಫೋನು ಮಾಡಿದರು. ತನ್ನದು ಹಲ್ವ ಮಾತ್ರ, ಅಷ್ಟು ಉದ್ದದ ಮೇಜು ತನಗೆಂತಕ್ಕೆ ಎಂದಳು ಆ ಹೆಂಗಸು.

ಹೀಗೆ ಮೇಳದಲ್ಲಿ ಅರ್ಧ ಮೇಜಿಗೆ ದಮಯಂತಿ ಕುಳಿತಳು. ಹಿಂದೆ ಸ್ಟೂಲಿನ ಮೇಲೆ ಗೌಡರು. ಬೇಕು, ಸಾಕು, ಎಣ್ಣೆ ಕೊಡಿ ಎಂಬಷ್ಟು ಬಿಟ್ಟರೆ ಅವಳು ಇನ್ನೂ ಮಾತು ಬಿಟ್ಟೇ ಇದ್ದಳು. ಕಾದ ಎಣ್ಣೆಯಲ್ಲಿ ಹಪ್ಪಳ ಅರಳಿತು, ಜನ ಸೇರಿದರು. ಮುಂದೆ ನಿಂತಿದ್ದ ಹೆಂಗಸೊಬ್ಬಳು ಒಂದು ಚೂರು ಬಾಯಿಗೆ ಹಾಕಿ ಮುಖ ಹುಳ್ಳಗೆ ಮಾಡಿದಳು.

"ಬೇಡ. ಉಪ್ಪು ಜಾಸ್ತಿ ಆಯ್ತು" ಎಂದು ನಡೆದೇಬಿಟ್ಟಳು.

ಗೌಡರಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಹೆಂಡತಿಯ ಮುಖ ನೋಡಲು ಧೈರ್ಯವಾಗಲಿಲ್ಲ. ದಮಯಂತಿ ಆಗಲೇ ಆ ಹೆಂಗಸಿನ ಹಿಂದೆ ನಿಂತಿದ್ದವನಿಗೆ ಎರಡು ಕಟ್ಟು ಕೊಡುತ್ತಿದ್ದಳು.

"ನಿನಗೆ ಬೇಸರ ಆಗಲಿಲ್ವಾ?" ಎಂದು ಮೆಲ್ಲಗೆ ಕೇಳಿದರು.

"ಎಂತಕ್ಕೆ ಬೇಸರ? ಬೇಡದವರು ಬದಿಗೆ ಹೋದರೆ ಬೇಕಾದವರು ಮುಂದೆ ಬರ್ತಾರೆ," ಎಂದಳು ಅವಳು, ಬಾಣಲೆಯಿಂದ ಕಣ್ಣು ತೆಗೆಯದೆ. "ಅವಳು ತಿಂದು ನೋಡಿ ಬೇಡ ಅಂದಳು. ನೋಡದೆಯೇ ಬೇಡ ಅಂದರೆ ಮಾತ್ರ ನನಗೆ ಬೇಸರ."

ಗೌಡರು ಕೈ ಚಾಚಿ, ಆ ಹೆಂಗಸು ಬಿಟ್ಟುಹೋದ ಹಪ್ಪಳದ ಚೂರನ್ನು ತೆಗೆದು ಬಾಯಿಗೆ ಹಾಕಿ ನಿಧಾನಕ್ಕೆ ಅಗಿದರು.

"ಉಪ್ಪು ಹೌದು, ಜಾಸ್ತಿ ಉಂಟು," ಎಂದರು.

ದಮಯಂತಿ ಜಾಲರಿ ಸೌಟು ಹಿಡಿದುಕೊಂಡೇ ತಿರುಗಿದಳು. ಮದುವೆಯಾದಂದಿನಿಂದ ಅವಳ ಅಡುಗೆಯನ್ನು ಲಾಯ್ಕುಂಟು ಎನ್ನುವುದು ಬಿಟ್ಟು ಬೇರೆ ಹೇಳಿದವರಲ್ಲ ಅವರು.

"ಅದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದು ಕೇಳಿದಳು, ನಗು ತಡೆಯಲಾಗದೆ, ಸ್ಟೂಲನ್ನು ಕಾಲಿನಿಂದ ತನ್ನ ಬದಿಗೆ ಎಳೆದುಕೊಳ್ಳುತ್ತಾ.