ಅತ್ತೆಯ ಉಪವಾಸ

ಅಪ್ಪ ತೀರಿಕೊಂಡಾಗ ಅವರಿಗೆ ನಲವತ್ತೊಂದೋ ನಲವತ್ತಮೂರೋ. ನನ್ನ ಡೈರಿಯಲ್ಲಿ ಎರಡೂ ಇವೆ, ಎರಡೂ ನನ್ನದೇ ಕೈಬರಹ. ವರ್ಷ ಎರಡು ಸಾವಿರದ ನಾಲ್ಕಿರಬೇಕು. ಹಾಗಾಗಿ ಮುಂದಿನದನ್ನೂ ಪೂರ್ತಿ ನಂಬಬೇಡಿ. "ಯಾರದೋ ದೃಷ್ಟಿ" ಅಂದರು ನೆಂಟರು. ಅಜ್ಜನೂ ಹೆಚ್ಚುಕಡಿಮೆ ಅದೇ ವಯಸ್ಸಿಗೆ, ಅಪ್ಪನ ಹಾಗೇ ಎದೆನೋವಿನಲ್ಲಿ ಹೋಗಿದ್ದರು. ದೃಷ್ಟಿ ಹಾಕುವವರು ನಮ್ಮ ಮನೆಯನ್ನು ತಲೆಮಾರುಗಳ ಲೆಕ್ಕದಲ್ಲಿ ವಹಿಸಿಕೊಂಡಿದ್ದರೆಂದು ಕಾಣುತ್ತದೆ.

ವಿಜಯನಗರದ ನಮ್ಮ ಡಾಕ್ಟರು ದೃಷ್ಟಿಯ ಮಾತೆತ್ತದೆ ನನ್ನ ಹಿಮ್ಮಡಿಯ ಮೇಲಿನ ದಪ್ಪ ಗಂಟನ್ನು ಒತ್ತಿ ನೋಡಿದರು. ಮನೆತನದ ಗಟ್ಟಿ ಕಾಲೆಂದು ನಾವು ಬೀಗುತ್ತಿದ್ದ ಗಂಟು ಅದು. ಒಳಗಿರುವುದು ಕೊಲೆಸ್ಟ್ರಾಲ್ ಎಂಬ ಕೊಬ್ಬು, ವಂಶದಿಂದಲೇ ಬಂದದ್ದು, ಎದೆನೋವಿಗೂ ಅದೇ ಕಾರಣ, ಅಪ್ಪನ ಕಡೆಯವರೆಲ್ಲರೂ ಹನ್ನೆರಡು ಗಂಟೆ ಉಪವಾಸವಿದ್ದು ಪರೀಕ್ಷೆಗೆ ರಕ್ತ ಕೊಡಿ ಎಂದರು.

ಅಪ್ಪನ ಅಕ್ಕ, ನನ್ನ ಅತ್ತೆ, ಗೋವಿಂದರಾಜನಗರದಿಂದ ಬಂದರು. "ಮೊಟ್ಟೆ ಮುಟ್ಟಿದೋರಲ್ಲ, ನಮಗ್ಯಾಕೆ ಕೊಬ್ಬು ಕಣೇ? ಮಹಡಿ ಮೇಲಿನ ಧಾರವಾಡದೋರಿಗೆ ಹೇಳು, ದಿನಾ ಮಿರ್ಚಿ ಕರೀತಾರೆ."

ನಮ್ಮ ಗಾಬರಿ ನೋಡಿ ಮಹಡಿಯವರೂ ಪರೀಕ್ಷೆ ಮಾಡಿಸಿದರು. ಅವರದು ಅಚ್ಚುಕಟ್ಟಾಗಿ ಬಂತು. ಅತ್ತೆಯ ರಿಪೋರ್ಟನ್ನು ಲ್ಯಾಬಿನ ಹುಡುಗಿ ಎರಡು ಸಲ ನೋಡಿದಳು.

"ಆಂಟಿ, ಉಪವಾಸ ಇದ್ರಾ?"

"ಇದ್ದೆ ಕಣಮ್ಮ, ಅನ್ನ ಮುಟ್ಟಿಲ್ಲ. ಬೆಳಿಗ್ಗೆ ಒಂಚೂರು ಉಪ್ಪಿಟ್ಟು, ಎರಡು ಬಾಳೆಹಣ್ಣು, ಕಾಫಿ. ಅಷ್ಟೇ."

ಏಕಾದಶಿಗೆ ದೇವರು ಒಪ್ಪಿಕೊಳ್ಳುವ ಉಪವಾಸವನ್ನು ಲ್ಯಾಬು ಒಪ್ಪಲಿಲ್ಲ. ಉಪ್ಪಿಟ್ಟಿಗೆ ರಕ್ತದ ಕೊಬ್ಬು ಇಷ್ಟೊಂದು ಏರುವುದಿಲ್ಲವೆಂದು ಡಾಕ್ಟರೂ ಹೇಳಿದರು. ಅತ್ತೆ ಅಪರಾಧಿಯನ್ನು ಆಗಲೇ ಹಿಡಿದಾಗಿತ್ತು. ಮುಂದೆ ಅವರು ರವೆ ಬಿಟ್ಟರೇ ಹೊರತು ಲ್ಯಾಬಿಗೆ ಹೋಗಲಿಲ್ಲ. ಉಪ್ಪಿಟ್ಟು ತಿನ್ನದ ನನ್ನ ರಕ್ತವೂ ಅಷ್ಟೇ ಕೆಟ್ಟಿತ್ತು. ನಾನು ಮಾತ್ರೆ ಶುರುಮಾಡಿದೆ.

ವರ್ಷ ತುಂಬಿದ ಮೇಲೆ ಅತ್ತೆ ತಟ್ಟೆಯಲ್ಲಿ ಹೂವು ಹಣ್ಣು ಹಿಡಿದು ಬಂದರು. "ಹೊರಗಿನೋರ ಮನೇಲಿ ಏನೇನು ಕಾಯಿಲೆ ಇರುತ್ತೋ. ನನ್ನ ಮಗ ಇದಾನಲ್ಲ, ಗೊತ್ತಿರೋ ರಕ್ತ."

ಗೊತ್ತಿದ್ದುದೇ ತೊಂದರೆ. ಸೋದರಸಂಬಂಧ ಹೆಚ್ಚಿರುವ ಜನಗಳಲ್ಲಿ ಈ ಕೊಬ್ಬಿನ ಕಾಯಿಲೆ ಮಗುವಿಗೆ ಅಪ್ಪ ಅಮ್ಮ ಇಬ್ಬರಿಂದಲೂ ಇಳಿಯಬಹುದು, ಹಾಗಾದರೆ ಶಾಲೆಗೆ ಹೋಗುವ ವಯಸ್ಸಿನಲ್ಲೇ ಮಗುವಿನ ಹೃದಯ ಕೆಡಬಹುದು ಎಂದು ಡಾಕ್ಟರು ಹೇಳಿದ್ದರು. ನಾನು ಒಲ್ಲೆ ಎಂದೆ. ಓದಿದ ಸೊಕ್ಕು ಎಂದರು ಅತ್ತೆ. ಅದೂ ಸ್ವಲ್ಪ ಇತ್ತೇನೋ. ಅವರ ಮಗನಿಗೆ ಆಗ ಮೂವತ್ತೆರಡು. ಬಾಗಿಲ ತನಕ ಹಿಂದೆ ಹೋಗಿ ನಾನೊಂದು ಮಾತು ಕೇಳಿದೆ. ಅತ್ತೆ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು.

"ಮದುವೆ ಬಿಡಿ ಅತ್ತೆ, ಅವನ ರಕ್ತ ಯಾವತ್ತು ಪರೀಕ್ಷೆ ಮಾಡಿಸ್ತೀರಿ?"